ಭಾನುವಾರದ ಭೇಟಿ: ಬಿಪಿ ಪುಸ್ತಕ ಮರೆಯಬೇಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಕುವೆಂಪುನಗರದಲ್ಲಿ, ಎಂದಿನ ಹಾಲ್‌ನಲ್ಲೇ ಸೇರೋಣ. ಮೆಟ್ಟಿಲಿಲ್ಲ, ವೀಲ್‌ಚೇರ್ ಸಲೀಸಾಗಿ ಬರುತ್ತದೆ. ಸ್ಟ್ರೋಕ್ ಆದವರ ಜೊತೆ ನೋಡಿಕೊಳ್ಳುವವರೂ ಬನ್ನಿ, ಈ ಸಲ ಕೆಲಸ ನಿಮಗೇ ಜಾಸ್ತಿ.

ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದನ್ನು ಫಿಸಿಯೋಥೆರಪಿಸ್ಟ್ ಮಾಡಿ ತೋರಿಸುತ್ತಾರೆ. ಸ್ವಾಧೀನವಿಲ್ಲದ ಕೈ ಹಿಡಿದು ಎಳೆದು ಎಬ್ಬಿಸುತ್ತೇವಲ್ಲ, ಅದರಿಂದ ಭುಜದ ಕೀಲು ಜಾರಬಹುದು. ಅಲ್ಲಿಯವರೆಗೂ ದಯವಿಟ್ಟು ಹಾಗೆ ಎಳೆಯಬೇಡಿ.

ಮಾತ್ರೆ ಚೀಟಿ, ಬಿಪಿ ಬರೆದಿಟ್ಟ ಪುಸ್ತಕ ತನ್ನಿ. ಬಿಪಿ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟವರು ಭಾನುವಾರದ ತನಕ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ ಅಲ್ವಾ?

ಇನ್ನೊಂದು. ಯಾರಿಗಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಇಳಿಬಿದ್ದರೆ, ಮಾತು ತೊದಲಿದರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಸ್ಟ್ರೋಕ್ ಶುರುವಾದ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೇ ಅವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ. ನೀರು, ಮಾತ್ರೆ ಏನೂ ಬಾಯಿಗೆ ಹಾಕಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ, ಆಟೋ ಬೇಕಾದವರು ಏರಿಯಾ ಕೂಡ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಎಷ್ಟು ಜನ ಅಂತ ಲೆಕ್ಕ ಸಿಗುವುದಿಲ್ಲ.