ಅಡಿಕೆ ಸಿಪ್ಪೆಗೆ ಬೆಂಕಿ ಇಡಬೇಡಿ, ಬೂಷ್ಟು ಹಿಡಿಯಲಿ

ಮಾನ್ಯ ಸಂಪಾದಕರೇ,

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಗೆ ಶುರುವಾಯಿತೆಂದರೆ ರಸ್ತೆ ಪಕ್ಕದಲ್ಲೆಲ್ಲ ಸಿಪ್ಪೆಯ ರಾಶಿ. ಒಣಗುತ್ತಲೇ ಯಾರೋ ಬೆಂಕಿ ಹಚ್ಚುತ್ತಾರೆ. ಅದು ಭುಗ್ ಅಂತ ಉರಿದು ಮುಗಿಯುವುದೂ ಇಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಹೋದ ವರ್ಷ ಆ ಹೊಗೆಯಲ್ಲಿ ದಾರಿ ಕಾಣದೆ ನನ್ನ ತಮ್ಮನ ಮಗ ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡ.

ಸಿಪ್ಪೆ ಕೊಳೆಯೋದೇ ಇಲ್ಲ, ಸುಡದೆ ಇನ್ನೇನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದರ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಇದೆ. ಮರಕ್ಕೆ ಗಡಸುತನ ಕೊಡುವುದೂ ಅದೇ. ಬ್ಯಾಕ್ಟೀರಿಯಾಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಅದನ್ನು ಚೆನ್ನಾಗಿ ಒಡೆಯುವುದು ಶಿಲೀಂಧ್ರ, ನಮ್ಮ ಬಾಯಲ್ಲಿ ಬೂಷ್ಟು, ಅಣಬೆ. ಅಡಿಕೆ ಬೆಳೆಯುವ ನಮಗೆ ಶಿಲೀಂಧ್ರ ಅಂದರೆ ಕೊಳೆರೋಗ ಒಂದೇ ನೆನಪಾಗುತ್ತದೆ ಅಲ್ವಾ? ಆದರೆ ಕೊಳೆರೋಗ ತರುವ ಜೀವಿಯನ್ನು ವಿಜ್ಞಾನಿಗಳು ಈಗ ಶಿಲೀಂಧ್ರದ ಗುಂಪಿಗೇ ಸೇರಿಸುವುದಿಲ್ಲ. ಗೊಬ್ಬರದ ರಾಶಿಯ ಬಿಳಿ ಬೂಷ್ಟು ಬೇರೆಯೇ.

ತೋಟದ ನೆರಳಲ್ಲಿ ಒಂದು ಮೊಳ ಸಿಪ್ಪೆ, ಮೇಲೆ ಸಗಣಿ ಬಗ್ಗಡ, ಗ್ಲಿರಿಸಿಡಿಯಾ ಸೊಪ್ಪು, ಮತ್ತೆ ಸಿಪ್ಪೆ, ಹೀಗೆ ಎದೆಮಟ್ಟ ಪೇರಿಸುತ್ತೇನೆ. ಸಿಪ್ಪೆಯಲ್ಲಿ ಸಾರಜನಕ ಕಡಿಮೆ. ಸಗಣಿ, ಸೊಪ್ಪು ಇಲ್ಲದಿದ್ದರೆ ಕೊಳೆಯುವುದು ತೀರಾ ನಿಧಾನ. ಮೊದಲ ವರ್ಷ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿಯನ್ನು ಮೊದಲ ದಿನವೇ ಹಾಕಿಬಿಟ್ಟೆ. ಅದು ತಪ್ಪು. ರಾಶಿಯ ಒಳಗೆ ಕೈ ಇಡಲಾಗದಷ್ಟು ಕಾವು ಏಳುತ್ತದೆ. 60 ಡಿಗ್ರಿ ದಾಟಿದರೆ ಹೆಚ್ಚಿನ ಶಿಲೀಂಧ್ರಗಳು ಉಳಿಯುವುದಿಲ್ಲ. ಈಗ ಕಾವು ಇಳಿದ ಮೇಲೆ, ರಾಶಿ ಮಗುಚುವಾಗ, ಟನ್ನಿಗೆ 1 ಕೆ.ಜಿ. ಹಾಕುತ್ತೇನೆ. ಜೊತೆಗೆ ಹಳೇ ರಾಶಿಯ ಅರೆಕೊಳೆತ ಸಿಪ್ಪೆ ಎರಡು ಬುಟ್ಟಿ. ಟ್ರೈಕೋಡರ್ಮಾ ಮೆತ್ತನೆ ನಾರನ್ನು ತಿನ್ನುತ್ತದೆ. ಲಿಗ್ನಿನ್ ಒಡೆಯುವ ಅಣಬೆ ಜಾತಿಗಳು ಬರುವುದು ಆ ಹಳೇ ಸಿಪ್ಪೆಯಿಂದ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ ತೊಳೆದ ನೀರು ಮಾತ್ರ ಅಲ್ಲಿಗೆ ಹರಿಯಬಾರದು, ಅದರಲ್ಲಿನ ಮೈಲುತುತ್ತ ಈ ಶಿಲೀಂಧ್ರಗಳನ್ನೂ ಕೊಲ್ಲುತ್ತದೆ.

ಐದನೇ ತಿಂಗಳು ಗುದ್ದಲಿಯಲ್ಲಿ ಬಿಡಿಸಿ ನೋಡಿದೆ. ಸಿಪ್ಪೆಯ ಒಳಗೆಲ್ಲ ಬಿಳಿ ಎಳೆಗಳು, ಹತ್ತಿ ಹಿಂಜಿ ತುರುಕಿದ ಹಾಗೆ. ಎಳೆದರೂ ಹರಿಯದಿದ್ದ ನಾರು ಎರಡು ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು. ಅವ್ವ ಒಂದು ಹಿಡಿ ತಗೊಂಡು ಮೂಸಿ, "ಕಾಡಿನ ಮಣ್ಣಿನ ವಾಸನೆ ಐತಲ್ಲೋ" ಅಂದಳು. ಎಂಟು ತಿಂಗಳಿಗೆ ಅದೇ ಗೊಬ್ಬರ ಅಡಿಕೆ ಬುಡಕ್ಕೆ ಹೋಯಿತು.

ಎಲ್ಲರಿಗೂ ತೋಟದಲ್ಲಿ ಜಾಗ ಇರುವುದಿಲ್ಲ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರಿಗಂತೂ ಸಿಪ್ಪೆ ಲೋಡುಗಟ್ಟಲೆ ಬೀಳುತ್ತದೆ. ಈ ಸಲ ಸುಲಿಗೆಗೆ ಮೊದಲೇ ಪ್ರತಿ ಗ್ರಾಮ ಪಂಚಾಯಿತಿ ಸಿಪ್ಪೆ ಸುರಿಯಲು ಒಂದು ಜಾಗ ಗುರುತಿಸಲಿ. ತೋಟಗಾರಿಕೆ ಇಲಾಖೆಯವರು ಅಲ್ಲೇ ಬಂದು ರಾಶಿ ಹಾಕಿ ತೋರಿಸಲಿ. ಬೂಷ್ಟು ಹಿಡಿದ ಹಳೇ ಸಿಪ್ಪೆ ನನ್ನ ತೋಟದಲ್ಲಿ ಬೇಕಾದಷ್ಟಿದೆ. ನಮ್ಮ ಪಂಚಾಯಿತಿ ರಾಶಿ ಹಾಕುವುದಾದರೆ ಬುಟ್ಟಿಗಟ್ಟಲೆ ಸುಮ್ನೆ ಕೊಡುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು