ಡೀಸೆಲ್ ಬುಲೆಟ್ಟಿಗೆ ಜೀವ ಕೊಟ್ಟ ಯಜಮಾನರಿಗೆ

ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಹಳೇ ಎಂಜಿನ್ ನೋಡುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತ ಯಜಮಾನರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಈ ಥ್ಯಾಂಕ್ಸ್ ನಿಮಗೆ.

ಡೀಸೆಲ್ ಬುಲೆಟ್ ಅಂತ ಕರೆಯುವ ಎನ್‌ಫೀಲ್ಡ್ ಟಾರಸ್ ಬೈಕಿಗೆ ಹಾಕುತ್ತಿದ್ದ ಅದೇ 325 ಸಿಸಿ ಗ್ರೀವ್ಸ್ ಲೊಂಬಾರ್ಡಿನಿ ಎಂಜಿನ್. ಆರೂವರೆ ಅಶ್ವಶಕ್ತಿ ಅಷ್ಟೇ, ಆದರೆ ಡೀಸೆಲ್ ಕುಡಿಯುವುದು ಬಲು ಕಮ್ಮಿ. ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತು ಬಡಿದು, ಆಫ್ ಆಗುತ್ತಿತ್ತು. ಡೀಸೆಲ್ ತಳ್ಳುವ ಪಂಪ್ ಹೋಗಿದೆ ಎಂದು ಎಲ್ಲರೂ ಕೈಚೆಲ್ಲಿದ್ದರು. ನೀವು ಮಾತ್ರ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗೆ ಹೋಗುವ ಪೈಪಿನ ನಟ್ಟನ್ನು ಚೂರು ಸಡಿಲಿಸಿ, ಸ್ಟಾರ್ಟ್ ಮಾಡುವ ಹಗ್ಗ ಎಳೆಯಲು ಹೇಳಿದಿರಿ. ಡೀಸೆಲ್ ಜೊತೆ ನೊರೆನೊರೆಯಾಗಿ ಗುಳ್ಳೆ ಬಂತು. "ಪಂಪ್ ಚೆನ್ನಾಗೇ ಇದೆ ಕಣಪ್ಪ, ಇದು ಗಾಳಿ ಎಳೀತಾ ಇದೆ" ಅಂದಿರಿ. ಫಿಲ್ಟರ್ ಬಳಿಯ ಬೋಲ್ಟ್ ಬಿಚ್ಚಿ, ಸವೆದು ತೆಳ್ಳಗಾದ ತಾಮ್ರದ ವಾಷರನ್ನು ಅಂಗೈ ಮೇಲಿಟ್ಟು ತೋರಿಸಿದಿರಿ. ಹೊಸದು ಹಾಕಿ, ಏರ್ ಪೂರ್ತಿ ತೆಗೆದು, ಹಗ್ಗ ಎಳೆದು, ಎಂಜಿನ್ ಸಲೀಸಾಗಿ ತಿರುಗಲೆಂದು ಒಳಗಿನ ಒತ್ತಡ ಇಳಿಸುವ ಡಿಕಂಪ್ರೆಷನ್ ಲಿವರ್ ಬಿಟ್ಟಕೂಡಲೇ ಎಂಜಿನ್ ಹತ್ತಿಕೊಂಡಿತು. ಆಮೇಲೆ ನಿಲ್ಲಲೇ ಇಲ್ಲ!

ಬಿಳಿ ಹೊಗೆ ಅಂದರೆ ಸುಡದ ಡೀಸೆಲ್, ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ನೀಲಿ ಕಂಡರೆ ಕೊಳ್ಳಬೇಡ ಎಂದೂ ಹೇಳಿಕೊಟ್ಟಿರಿ. ಆ ಮಾತಿನಿಂದ ಮುಂದೆ ನನ್ನ ಸ್ನೇಹಿತನ ದುಡ್ಡೂ ಉಳಿಯಿತು. ಟೀ ಕುಡಿಸಲೂ ಬಿಡಲಿಲ್ಲ ನೀವು. ಎಂಜಿನ್ ಈಗ ಗಾಡಿಯ ಫ್ರೇಮಿನಲ್ಲಿ ಕೂತು ದಿನವೂ ಓಡುತ್ತಿದೆ. ತುಂಬಾ ಉಪಕಾರವಾಯಿತು, ಯಜಮಾನರೇ.