ಮೈದಾನ ಸುತ್ತುವ ಓಟ ಇನ್ನು ಇರುವುದಿಲ್ಲ

ಪ್ರಿಯ ಪೋಷಕರಿಗೆ ಮತ್ತು ಬೆಳಗಿನ ಬ್ಯಾಚಿನ ಹಿರಿಯ ಆಟಗಾರರಿಗೆ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಟೆನಿಸ್ ಕ್ಲಾಸು ಸ್ವಲ್ಪ ಬದಲಾಗುತ್ತದೆ. ಒಂದೂವರೆ ಗಂಟೆಯಲ್ಲಿ ಒಂದು ಗಂಟೆ ಆಟ, ಅರ್ಧ ಗಂಟೆ ಫಿಟ್‌ನೆಸ್. ಶುರುವಿನಲ್ಲಿ ಓಡಿಸುತ್ತಿದ್ದ ಹತ್ತು ಸುತ್ತು ಇರುವುದಿಲ್ಲ. ಸೋಮವಾರ ರಜೆ. ಫೀಸು ಅಷ್ಟೇ.

"ಬಾಲ್ ಹೊಡೆಯುವ ಸಮಯವೇ ಕಡಿಮೆಯಾಯ್ತಲ್ಲ" ಎಂದು ಕೆಲವರು ಆಗಲೇ ಕೇಳಿದ್ದೀರಿ. ಕೇಳಬೇಕಾದ್ದೇ. ಅದಕ್ಕೇ ಈ ಪತ್ರ.

ಒಂದು ಮ್ಯಾಚನ್ನು ವಾಚು ಹಿಡಿದು ನೋಡಿ. ಹೆಚ್ಚಿನ ಪಾಯಿಂಟುಗಳು ಹತ್ತು ಸೆಕೆಂಡಿನೊಳಗೆ ಮುಗಿದುಹೋಗುತ್ತವೆ. ಮುಂದಿನ ಸರ್ವ್‌ಗೆ, ಅಂದರೆ ಪಾಯಿಂಟ್ ಶುರುಮಾಡುವ ಹೊಡೆತಕ್ಕೆ, 25 ಸೆಕೆಂಡ್ ಬಿಡುವು. ಬದಿ ಬದಲಿಸುವಾಗ 90 ಸೆಕೆಂಡ್. ಸಿಂಗಲ್ಸ್ ಕೋರ್ಟಿನ ಅಗಲ ಬರೀ 8.23 ಮೀಟರ್. ನಾಲ್ಕೈದು ಹೆಜ್ಜೆ ಓಡಬೇಕು, ಗಕ್ಕನೆ ನಿಲ್ಲಬೇಕು, ತಿರುಗಿ ಮತ್ತೆ ಚಿಮ್ಮಬೇಕು. ಇದೇ ಎರಡು ಗಂಟೆ ನಡೆಯಬಹುದು. ಒಂದೇ ವೇಗದಲ್ಲಿ ಮೈದಾನ ಸುತ್ತಿದರೆ ದಮ್ಮು ಹೆಚ್ಚುತ್ತದೆ, ನಿಜ. ಆದರೆ ನಿಲ್ಲುವುದು ಬರುವುದಿಲ್ಲ. ಟೆನಿಸ್‌ನಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಕಷ್ಟ. ಮಂಡಿ, ಪಾದದ ಕೀಲು ನೋಯುವುದೂ ಅಲ್ಲೇ ಜಾಸ್ತಿ. ಹಾಗಾಗಿ ಇನ್ನು ಮೇಲೆ ಹತ್ತು ಸೆಕೆಂಡ್ ಜೋರು ಓಟ, 25 ಸೆಕೆಂಡ್ ಬಿಡುವು, ಮತ್ತೆ ಓಟ. ಜೊತೆಗೆ ಎದುರಾಳಿ ಹೊಡೆಯುವ ಹೊತ್ತಿಗೆ ಹಾಕುವ ಆ ಪುಟ್ಟ ಜಿಗಿತ, ಸ್ಪ್ಲಿಟ್ ಸ್ಟೆಪ್. ಅದನ್ನು ದಿನಾ ಮಾಡಿಸುತ್ತೇವೆ.

ಭುಜದ ಮಾತು ಇನ್ನೂ ಮುಖ್ಯ. ಸರ್ವ್ ಮಾಡುವಾಗ ಎದೆ ಮತ್ತು ಭುಜದ ಮುಂಭಾಗ ಕೈಯನ್ನು ಬೀಸುತ್ತವೆ. ಹಾಗೆ ಬೀಸಿದ ಕೈಗೆ ಬ್ರೇಕ್ ಹಾಕುವುದು ಭುಜದ ಹಿಂದಿನ ಸಣ್ಣ ಸ್ನಾಯುಗಳು. ಸುಮ್ನೆ ಸರ್ವ್ ಹೊಡೆಯುತ್ತಲೇ ಇದ್ದರೆ ಮುಂಭಾಗ ಬಲವಾಗುತ್ತದೆ, ಬ್ರೇಕ್ ಬಡವಾಗುತ್ತದೆ. ಕಳೆದ ವರ್ಷ ನಮ್ಮ ಇಬ್ಬರು ಮಕ್ಕಳು ಭುಜನೋವಿನಿಂದ ವಾರಗಟ್ಟಲೆ ಕೂತರು. ಟೂರ್ನಿ ಹತ್ತಿರವೆಂದು ಅವರಿಂದ ಸರ್ವ್ ಜಾಸ್ತಿ ಹೊಡೆಸಿದ್ದು ನಾವೇ. ಆ ತಪ್ಪು ನಮ್ಮದು. ಈ ಬದಲಾವಣೆ ಶುರುವಾದದ್ದೂ ಅಲ್ಲಿಂದಲೇ. ಇನ್ನು ಪ್ರತಿ ಕ್ಲಾಸಿನಲ್ಲೂ ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮ ಇರುತ್ತದೆ. ಸರ್ವ್‌ನ ಬಲ ಹುಟ್ಟುವುದು ಕಾಲಿನಲ್ಲಿ, ಸೊಂಟ ದಾಟಿ ಕೈಗೆ ಬರುತ್ತದೆ. ಅದಕ್ಕೆ ಬಸ್ಕಿ, ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಎಸೆತವೂ ಉಂಟು.

ವ್ಯಾಯಾಮ ಮಾಡಿಸಿದರೆ ಮಕ್ಕಳ ಎತ್ತರ ನಿಂತುಹೋಗುತ್ತದೆ ಎಂಬ ಭಯ ಬೇಡ. ಸರಿಯಾದ ಕ್ರಮದಲ್ಲಿ, ಕಣ್ಣೆದುರು ಮಾಡಿಸಿದರೆ ಹಾಗಾಗುವುದಿಲ್ಲ. ಆದರೂ 12 ವರ್ಷದೊಳಗಿನವರಿಗೆ ತಮ್ಮ ಮೈಭಾರದ ವ್ಯಾಯಾಮ ಮಾತ್ರ.

ಹಿರಿಯರಿಗೆ ಒಂದು ಮಾತು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಸವೆದ ಮಂಡಿಗಳಿಗೆ ಅಯ್ಯಂಗಾರ್ ಯೋಗ ನೆರವಾಯಿತು ಎಂದು ಅವರೇ ಹೇಳಿದ್ದಾರೆ. ನಿಮ್ಮ ಬ್ಯಾಚಿನಲ್ಲಿ ಕೊನೆಯ ಹತ್ತು ನಿಮಿಷ ನಿಧಾನವಾಗಿ ಮೈ ಹಿಗ್ಗಿಸುವುದಕ್ಕೇ ಮೀಸಲು. ಅದನ್ನು ಬಿಟ್ಟು ಆಫೀಸಿಗೆ ಓಡಬೇಡಿ, ದಯವಿಟ್ಟು.

ಸೋಮವಾರ ಮಕ್ಕಳನ್ನು ಬೇರೆ ಕೋಚಿಂಗ್‌ಗೂ ಕಳಿಸಬೇಡಿ. ದಣಿದ ಸ್ನಾಯು ಗಟ್ಟಿಯಾಗುವುದು ವಿಶ್ರಾಂತಿಯಲ್ಲೇ.

ಸ್ಕಿಪ್ಪಿಂಗ್ ಹಗ್ಗ, ನೀರಿನ ಬಾಟಲಿ ತರಲಿ. ರನ್ನಿಂಗ್ ಶೂ ಬೇಡ, ಪಕ್ಕಕ್ಕೆ ಓಡುವಾಗ ಕಾಲು ಉಳುಕುತ್ತದೆ. ಟೆನಿಸ್ ಶೂ ಇರಲಿ. ಹೊಸ ಕ್ಲಾಸು ಹೇಗಿರುತ್ತದೆಂದು ನೋಡಬೇಕಾದರೆ ಈ ಶನಿವಾರ ಸಂಜೆ 5ಕ್ಕೆ ಕೋರ್ಟಿಗೆ ಬನ್ನಿ. ಶೂ ಹಾಕಿಕೊಂಡೇ ಬನ್ನಿ, ಮಕ್ಕಳ ಜೊತೆ ನೀವೂ ಮಾಡಬಹುದು.

ಇಂತಿ,
ನಿಮ್ಮ ಕೋಚ್‌ಗಳು